ಮೊದಲು ಕುಡಿ, ಆಮೇಲೆ ಓದು

೯ ಜನವರಿ

ಪ್ರೀತಿಯ ಅಕ್ಕ,

ಈ ಕಾಗದ ಕೈಸೇರುವ ಹೊತ್ತಿಗೆ ಒಂದು ರಟ್ಟಿನ ಪೆಟ್ಟಿಗೆಯೂ ಬಂದಿರಬೇಕು. ಹಸಿರು ಬಣ್ಣದ್ದು, ಬೂಟಿನ ಡಬ್ಬಿಗಿಂತ ಸ್ವಲ್ಪ ಚಿಕ್ಕದು. ಕಳಿಸಿದವಳು ನಾನೇ. ಯಾರದೋ ವಿಳಾಸ ತಪ್ಪಿ ಬಂದಿದೆ ಎಂದು ಹಿಂದಕ್ಕೆ ಕಳಿಸಿಬಿಡಬೇಡ. ನಿನ್ನ ಸ್ವಭಾವ ನನಗೆ ಗೊತ್ತು.

ಫೋನ್ ಮಾಡಬಹುದಿತ್ತು. ಆದರೆ ನಾವಿಬ್ಬರೂ ಫೋನಿನಲ್ಲಿ ಐದು ನಿಮಿಷ ಮಾತಾಡಿದರೆ ಆರನೆಯ ನಿಮಿಷಕ್ಕೆ ಒಬ್ಬಳು ಪಟ್ಟನೆ ಇಟ್ಟುಬಿಡುತ್ತೇವೆ. ಕೊನೆಯ ಸಲ ಇಟ್ಟವಳು ನೀನೋ ನಾನೋ ಈಗ ನೆನಪಿಲ್ಲ. ಅದಾಗಿ ಎರಡು ವರ್ಷವಾಯಿತು. ಕಾಗದ ಬರೆದರೆ ಎಂಥ ಕೋಪವಿದ್ದರೂ ಅಂಚೆ ಡಬ್ಬಿಯವರೆಗೆ ನಡೆಯುವಷ್ಟರಲ್ಲಿ ಇಳಿದಿರುತ್ತದೆ ಎಂದು ಅಮ್ಮ ಹೇಳುತ್ತಿದ್ದಳಲ್ಲ, ಅದನ್ನೇ ಮಾಡಿ ನೋಡೋಣ ಅಂದುಕೊಂಡೆ.

ವಿಷಯ ಇಷ್ಟು. ತಿಂಗಳಿಗೊಂದು ಪೆಟ್ಟಿಗೆ ಮನೆಬಾಗಿಲಿಗೆ ಕಳಿಸುವ ಕಂಪನಿಯೊಂದಕ್ಕೆ ಆರು ತಿಂಗಳ ಹಿಂದೆ ಸೇರಿದ್ದೇನೆ. ಸಾಬೂನಿನ ಪೆಟ್ಟಿಗೆ, ಕಾಲುಚೀಲದ ಪೆಟ್ಟಿಗೆ, ನಾಯಿಗಳಿಗೆ ಆಟದ ಸಾಮಾನಿನ ಪೆಟ್ಟಿಗೆ, ಏನು ಬೇಕು ಹೇಳು. ನಾನಿರುವುದು ಚಹಾದ ವಿಭಾಗದಲ್ಲಿ, ಕಚೇರಿ ಕೆಲಸ. ನೀನು ಚಹಾ ಕಂಪನಿಯಲ್ಲಿ ರುಚಿ ನೋಡುವ ಮೇಜಿನ ಮುಂದೆ ನಿಂತು ಈ ತಿಂಗಳಿಗೆ ಇಪ್ಪತ್ತು ವರ್ಷ. ಅದಕ್ಕೆಂದು ಒಂದು ವರ್ಷದ ಚಂದಾ ನಿನ್ನ ಹೆಸರಿನಲ್ಲಿ ಬರೆಸಿದ್ದೇನೆ. ಹನ್ನೆರಡು ಪೆಟ್ಟಿಗೆ ಬರುತ್ತವೆ. ಒಂದೊಂದರಲ್ಲೂ ನಾಲ್ಕು ಪೊಟ್ಟಣ ಚಹಾ, ಮತ್ತು ಅವುಗಳ ಗುಣ ವಿವರಿಸುವ ಕಾರ್ಡು.

ಒಂದೇ ಕೋರಿಕೆ. ಕಾರ್ಡು ಒಂದು ಲಕೋಟೆಯಲ್ಲಿರುತ್ತದೆ. ಅದನ್ನು ಒಡೆಯಬೇಡ. ಮೊದಲು ಕುಡಿ, ನಿನಗೆ ಏನನ್ನಿಸಿತು ಎಂದು ನನಗೆ ಬರಿ, ಆಮೇಲೆ ಬೇಕಾದರೆ ಓದು.

ನಿನ್ನ
ಮೊಂಡಿ

—

೩೦ ಜನವರಿ

ಮೊಂಡಿ,

ಪೆಟ್ಟಿಗೆ ಬಂತು. ಹಿಂದಕ್ಕೆ ಕಳಿಸಲಿಲ್ಲ, ನೋಡು. ಆದರೆ ಮೂರು ದಿನ ಬಿಚ್ಚದೆ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ದಿನಕ್ಕೆ ಎಪ್ಪತ್ತು ಬಟ್ಟಲು ಚಹಾ ಹೀರಿ ಉಗುಳಿ ಮನೆಗೆ ಬರುವವಳಿಗೆ ಚಹಾ ಉಡುಗೊರೆ ಕೊಡುವುದೆಂದರೆ, ಬಸ್ ಓಡಿಸುವವನಿಗೆ ರಜೆಯಲ್ಲಿ ಸುತ್ತಿ ಬಾ ಎಂದು ಬಸ್ಸಿನ ಟಿಕೆಟ್ ಕೊಟ್ಟ ಹಾಗೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಬೊಗಸೆಯೊಳಗೆ ಹಿಡಿಯುವ ನಾಲ್ಕು ಪೊಟ್ಟಣಕ್ಕೆ ಇಷ್ಟು ದೊಡ್ಡ ಪೆಟ್ಟಿಗೆ, ಅದರೊಳಗೆ ಹರಿದ ಕಾಗದದ ರಾಶಿ, ಮೇಲೊಂದು ರಿಬ್ಬನ್ನು. ಅಂಗಡಿಗೆ ಹೋದರೆ ಅರ್ಧ ಬೆಲೆಗೆ ತನಗೆ ಬೇಕಾದ್ದನ್ನೇ ತರಬಹುದು. ಬೇಕಾದ್ದು ಬಿಟ್ಟು ಬಂದದ್ದನ್ನು ಕುಡಿಯುವುದಕ್ಕೆ ಜನ ಯಾಕೆ ದುಡ್ಡು ಕಟ್ಟುತ್ತಾರೋ ನನಗೆ ತಿಳಿಯದು. ಕೆಳಮನೆಯ ಹೊಲಿಗೆಯಾಕೆಗೆ ಮಾತ್ರ ಪೆಟ್ಟಿಗೆ ಬಹಳ ಹಿಡಿಸಿತು. ಗುಂಡಿ ಹಾಕಿಡಲು ಸರಿಯಾಗುತ್ತದೆ ಎಂದು ಖಾಲಿ ಮಾಡಿಸಿಕೊಂಡು ಹೋದಳು.

ನಾಲ್ಕನ್ನೂ ಕುಡಿದೆ. ಮೂರನೆಯದು ಚೆನ್ನಾಗಿದೆ. ಬೇಯಿಸಿದ ಸೇಬಿನ ಸಿಪ್ಪೆಯ ಪರಿಮಳ, ಕೊನೆಗೆ ನೀರು ಚಿಮುಕಿಸಿದ ಕಲ್ಲಿನ ತಂಪು. ಉಳಿದವು ಪರವಾಗಿಲ್ಲ. ಲಕೋಟೆಯನ್ನು ನೀನು ಹೇಳಿದ ಹಾಗೆ ಒಡೆಯದೆ ಡ್ರಾಯರಿಗೆ ಹಾಕಿದ್ದೇನೆ.

ನೀನು ಬರೆದದ್ದು ಸಂತೋಷವಾಯಿತು.

ಅಕ್ಕ

—

೧೨ ಫೆಬ್ರವರಿ

ಪ್ರೀತಿಯ ಅಕ್ಕ,

ನಿನ್ನ ಕಾಗದವನ್ನು ಬಸ್ಸಿನಲ್ಲಿ ಮೂರು ಸಲ ಓದಿದೆ. ಇಳಿಯುವ ಜಾಗ ಎರಡು ನಿಲ್ದಾಣ ಹಿಂದೆ ಹೋಯಿತು.

ಬೇಯಿಸಿದ ಸೇಬಿನ ಸಿಪ್ಪೆ ಎಂದು ನಿನಗೆ ನೀನಾಗಿಯೇ ಅನ್ನಿಸಿತೇ? ನೀರು ಚಿಮುಕಿಸಿದ ಕಲ್ಲು ಕೂಡ? ಕಾರ್ಡು ಬರೆದವರಿಗೂ ಅದೇ ಅನ್ನಿಸಿತ್ತಂತೆ, ಅದಕ್ಕೆ ಕೇಳಿದೆ. ಈಗ ಬೇಕಾದರೆ ಲಕೋಟೆ ಒಡೆದು ನೋಡು.

ದುಡ್ಡಿನ ವಿಷಯ ನೀನು ಹೇಳಿದ್ದು ಸರಿಯಿರಬಹುದು. ಆದರೆ ಜನ ಕಟ್ಟುವುದು ಚಹಾಕ್ಕಲ್ಲ ಅಕ್ಕ. ತಿಂಗಳಿಗೊಮ್ಮೆ ಬಾಗಿಲಲ್ಲಿ ತಮ್ಮ ಹೆಸರಿನ ಒಂದು ಪೆಟ್ಟಿಗೆ ಇರಲಿ ಅಂತ. ನಮ್ಮ ಕಚೇರಿಯಲ್ಲಿ ಹೀಗೆಂದು ಗೋಡೆಯ ಮೇಲೆ ಬರೆದೇ ಹಾಕಿದ್ದಾರೆ. ಓದಿದಾಗ ನಗು ಬಂದಿತ್ತು, ಈಗ ಅಷ್ಟು ಬರುವುದಿಲ್ಲ.

ಫೆಬ್ರವರಿಯದು ಹೊರಟಿದೆ. ಎರಡನೆಯ ಪೊಟ್ಟಣದ ಬಗ್ಗೆ ಏನೂ ಬಿಡದೆ ಬರಿ.

ಮೊಂಡಿ

—

೩ ಏಪ್ರಿಲ್

ಮೊಂಡಿ,

ಮೂರು ಪೆಟ್ಟಿಗೆಯಾಯಿತು. ಮೊದಲನೆಯದಕ್ಕೆ ಗೊಣಗಿದ್ದೆನಲ್ಲ, ಅದನ್ನು ಅರ್ಧ ವಾಪಸ್ಸು ತೆಗೆದುಕೊಳ್ಳುತ್ತೇನೆ. ತಿಂಗಳ ಮೊದಲ ವಾರ ಬಾಗಿಲ ಕಡೆ ಕಿವಿ ಇಟ್ಟಿರುತ್ತೇನೆ. ಆ ರಿಬ್ಬನ್ನಿನ ಗಂಟು ನೀನೇ ಹಾಕಿದ್ದೇನೋ ಎಂದು ನೋಡುತ್ತೇನೆ. ಚಿಕ್ಕವಳಿದ್ದಾಗ ನೀನು ಗಂಟು ಹಾಕಿದರೆ ಕತ್ತರಿ ತರಬೇಕಿತ್ತು, ಇದು ಎಳೆದರೆ ಬಿಚ್ಚುತ್ತದೆ. ಕಲಿತಿದ್ದೀಯ.

ಹೊಲಿಗೆಯಾಕೆ ಮೊನ್ನೆ ಕೇಳಿದಳು, "ಮಗಳಿಗೆ ಮದುವೆಯಾಗಿ ಮೊದಲ ವರ್ಷ. ಇಂಥದ್ದೊಂದು ಪೆಟ್ಟಿಗೆ ಬರೆಸಿ ಕೊಡ್ಲಾ? ದಂಡ ಆಗಲ್ಲ ತಾನೆ?" ನಾನು ಕೊಡಿ ಅಂದೆ. ತಿಂಗಳಿಗೊಮ್ಮೆ ತನ್ನನ್ನು ಯಾರೋ ನೆನೆಸಿಕೊಂಡರು ಅನ್ನಿಸುತ್ತದೆ, ಅದೇನು ಕಡಿಮೆಯೇ ಅಂದೆ.

ಮಾರ್ಚಿನ ಮೊದಲನೆಯದು ಹದ. ಹುರಿದ ಕಡಲೆಕಾಯಿಯ ಸಿಪ್ಪೆ, ಸ್ವಲ್ಪ ಜೇನುಮೇಣ. ಎರಡನೆಯದರಲ್ಲಿ ಒಣಗಿದ ಗುಲಾಬಿ ಇದೆ, ಆದರೆ ಮುಂದೆ ಬರುವುದಿಲ್ಲ, ಬಾಗಿಲ ಹಿಂದೆ ನಿಂತ ಹಾಗೆ.

ಇಲ್ಲಿ ವಿಶೇಷವೇನಿಲ್ಲ. ಮೊನ್ನೆ ಒಲೆಯ ಮೇಲಿಟ್ಟ ಹಾಲು ಸೀದು ಪಾತ್ರೆ ಕರಿಕಾಯಿತು. ಪಕ್ಕದ ಕೋಣೆಯಲ್ಲೇ ಇದ್ದೆ. ಹೊಲಿಗೆಯಾಕೆ ಕೆಳಗಿನಿಂದ ಓಡಿ ಬಂದು ಒಲೆ ಆರಿಸಿದಳು. ಏನೋ ಯೋಚನೆಯಲ್ಲಿದ್ದೆ.

ಅಕ್ಕ

—

೨೦ ಏಪ್ರಿಲ್

ನನ್ನ ಪ್ರೀತಿಯ ಅಕ್ಕ,

ಇನ್ನು ಮುಚ್ಚಿಡುವುದಿಲ್ಲ. ಆ ಕಾರ್ಡುಗಳನ್ನು ಬರೆಯುವವಳು ನಾನು. ಸೇಬಿನ ಸಿಪ್ಪೆ ನನ್ನದು, ಜೇನುಮೇಣ ನನ್ನದು. ಬಾಗಿಲ ಹಿಂದೆ ನಿಂತ ಗುಲಾಬಿ ನನ್ನದು. ಅದನ್ನು ನಾನು ಬರೆದಾಗ ವಿಭಾಗದಲ್ಲಿ ಎಲ್ಲರೂ ನಕ್ಕಿದ್ದರು. ನೀನು ಓದದೆಯೇ ಅದೇ ಮಾತು ಬರೆದೆ.

ಹನ್ನೊಂದು ವರ್ಷದ ಹಿಂದೆ ನಿಮ್ಮ ಕಂಪನಿಗೆ ಪರೀಕ್ಷೆಗೆ ಬಂದಿದ್ದೆ, ನೆನಪಿದೆಯಲ್ಲ. ಹನ್ನೆರಡು ಬಟ್ಟಲು ಇಟ್ಟಿದ್ದರು. ನಾನು ನಾಲ್ಕು ತಪ್ಪಿದೆ. ಹೊರಗೆ ಕಾರಿಡಾರಿನಲ್ಲಿ, ನೀರಿನ ಹೂಜಿಯ ಪಕ್ಕ ನಿಂತು ನೀನು ಹೇಳಿದೆ, "ಮೊಂಡಿ, ನಿಂಗೆ ಮೂಗಿಲ್ಲ. ಸುಮ್ನೆ ಬೇರೆ ಕೆಲಸ ನೋಡ್ಕೋ." ನೀನು ಆಮೇಲೆ ಮರೆತಿರಬಹುದು. ನನಗೆ ಆ ಹೂಜಿಯ ಮುಚ್ಚಳದ ಬಣ್ಣ ಕೂಡ ನೆನಪಿದೆ.

ಈಗ ನಿನ್ನ ಕಾಗದಗಳನ್ನು ನಮ್ಮ ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. ಇಪ್ಪತ್ತು ವರ್ಷದ ಅನುಭವದವಳು ಕಾರ್ಡು ನೋಡದೆ ಅದನ್ನೇ ಹೇಳಿದ್ದಾಳೆ ಎಂದು. ಅವರು ಒಂದು ವಾರ ಯೋಚಿಸಿ, ಬರೆಯುವುದರ ಜೊತೆಗೆ ಚಹಾ ಆರಿಸುವ ಕೆಲಸವನ್ನೂ ನನಗೇ ಕೊಟ್ಟಿದ್ದಾರೆ. ಜೂನಿನಿಂದ ಪೆಟ್ಟಿಗೆಯೊಳಗೆ ಏನು ಹೋಗಬೇಕು ಎಂದು ಹೇಳುವವಳು ನಾನು.

ಹಾಲು ಸೀದದ್ದು ಓದಿ ನಕ್ಕೆ. ವಯಸ್ಸಾಗುತ್ತಿದೆ ನಿನಗೆ. ಕೆಲಸ ಸ್ವಲ್ಪ ಕಡಿಮೆ ಮಾಡು.

ಮೊಂಡಿ

—

೪ ಮೇ

ಮೊಂಡಿ,

ಬರೆಯುವವಳು ನೀನೆಂದು ಗೊತ್ತಿರಲಿಲ್ಲ. ಮೊದಲೇ ಹೇಳಬೇಕಿತ್ತು.

ಹೊಸ ಕೆಲಸಕ್ಕೆ ಸಂತೋಷ. ಆದರೆ ನನ್ನ ಮಾತಿನ ಮೇಲೆ ಅಷ್ಟು ಭಾರ ಹಾಕಬೇಡ. ಮನೆಯಲ್ಲಿ ಕೂತು ಕುಡಿದು ಬರೆದದ್ದು ಅದು, ಮೇಜಿನ ಮೇಲೆ ಅಳೆದು ತೂಗಿ ಹೇಳಿದ್ದಲ್ಲ. ನಿಮ್ಮಲ್ಲಿ ಅನುಭವಸ್ಥರು ಯಾರಾದರೂ ಇದ್ದರೆ ಅವರಿಗೂ ಒಮ್ಮೆ ತೋರಿಸುವುದು ಒಳ್ಳೆಯದು. ನನಗೆ ಈಚೆಗೆ ಕಾಗದ ಬರೆಯಲು ಬಿಡುವಾಗುತ್ತಿಲ್ಲ.

ಅಕ್ಕ

—

೧೮ ಮೇ

ಅಕ್ಕ,

ನಿನ್ನ ಕಾಗದ ಓದಿದೆ. ಭಾರ ಹಾಕಬೇಡ ಎಂದರೇನು? ನಾನು ಆರಿಸಬಲ್ಲೆ ಎಂದು ಯಾರಾದರೂ ಒಪ್ಪಿದ ಕೂಡಲೇ ನಿನಗೆ ಬಿಡುವಾಗುವುದಿಲ್ಲ. ಇರಲಿ. ಜಗಳಕ್ಕೆ ಬರೆಯುತ್ತಿಲ್ಲ.

ಇದರ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ. ಜೂನಿನ ಪೆಟ್ಟಿಗೆಗೆ ಆರಿಸಿದ ಮುಖ್ಯ ಚಹಾ. ಎಲೆ ಚೆನ್ನಾಗಿದೆ, ಬಣ್ಣ ಚೆನ್ನಾಗಿದೆ. ಆದರೆ ಬಿಸಿನೀರು ಹೊಯ್ದ ಕೂಡಲೇ ನನಗೇನೋ ಹಳೆಯ ಗೋಣಿಚೀಲದ ವಾಸನೆ ಬರುತ್ತದೆ. ಮಾರುವವರನ್ನು ಕೇಳಿದರೆ, ಅದು ಆ ಚಹಾದ ಗುಣ, ಮಳೆ ಬಿದ್ದ ಮಣ್ಣಿನ ವಾಸನೆ, ತಿಳಿದವರು ಅದಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ ಅನ್ನುತ್ತಾರೆ. ವಿಭಾಗದವರಿಗೆ ಏನೂ ಗೊತ್ತಾಗುತ್ತಿಲ್ಲ. ಒಂದು ದಿನ ನಾನು ಸರಿ ಅನ್ನಿಸುತ್ತದೆ, ಮರುದಿನ ನನಗೆ ಮೂಗಿಲ್ಲ ಅನ್ನಿಸುತ್ತದೆ.

ನಾಲ್ಕು ಸಾವಿರ ಪೆಟ್ಟಿಗೆಗೆ ಇದು ಹೋಗಬೇಕು. ತಿಂಗಳ ಕೊನೆಗೆ ಹೂಂ ಅಥವಾ ಉಹೂಂ ಹೇಳಬೇಕು. ಈ ಸಲ ಕಾರ್ಡಿಲ್ಲ, ನಾನಿನ್ನೂ ಬರೆದಿಲ್ಲ. ಗೋಣಿಚೀಲವೋ ಮಣ್ಣೋ, ನೀನು ಹೇಳು.

ಮೊಂಡಿ

—

೨೪ ಮೇ

ಮೊಂಡಿ,

ಗೋಣಿಚೀಲ ಇಲ್ಲ. ನೀನು ಮೊದಲಿನಿಂದಲೂ ಅನುಮಾನದ ಪ್ರಾಣಿ. ಎಲೆ ಶುಭ್ರವಾಗಿದೆ, ಬಟ್ಟಲಿನ ಅಂಚಿನಲ್ಲಿ ಬಂಗಾರದ ಬಳೆಯಂಥ ಗೆರೆ ನಿಲ್ಲುತ್ತದೆ, ಕೆಟ್ಟ ಚಹಾಕ್ಕೆ ಅದು ಬರುವುದಿಲ್ಲ. ಮೊದಲ ಮಳೆಗೆ ನೆಂದ ಮಣ್ಣಿನ ಪರಿಮಳ, ಅಷ್ಟೇ. ಧೈರ್ಯವಾಗಿ ಕಳಿಸು.

ಅಕ್ಕ

—

೮ ಜುಲೈ

ಅಕ್ಕನಿಗೆ,

ಒಂಬೈನೂರು ಪೆಟ್ಟಿಗೆ ಹಿಂದಕ್ಕೆ ಬಂದಿವೆ. ಉಳಿದವರಲ್ಲಿ ಎಷ್ಟೋ ಜನ ಹಿಂದಕ್ಕೆ ಕಳಿಸುವ ಗೋಜಿಗೂ ಹೋಗದೆ ಚಂದಾ ನಿಲ್ಲಿಸಿದ್ದಾರೆ. ಒಬ್ಬಾಕೆ ಬರೆದಿದ್ದಾಳೆ, ಹೊಸದಾಗಿ ಮನೆ ಮಾಡಿದ ಸೊಸೆಗೆ ಉಡುಗೊರೆ ಕಳಿಸಿದ್ದಳಂತೆ. ಅತ್ತೆ ಹಳೆಯ ಸಾಮಾನಿನ ಕೋಣೆ ಗುಡಿಸಿ ಕಳಿಸಿದ್ದಾಳೆ ಎಂದು ಸೊಸೆ ಮಾತು ಬಿಟ್ಟಿದ್ದಾಳಂತೆ. ಪರೀಕ್ಷೆಗೆ ಕೊಟ್ಟೆವು. ನೆನೆದ ಉಗ್ರಾಣದಲ್ಲಿ ಚೀಲಗಳ ನಡುವೆ ತಿಂಗಳುಗಟ್ಟಲೆ ಬಿದ್ದಿದ್ದ ಸರಕಂತೆ. ಮುಗ್ಗಲು.

ನನ್ನ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನ ಕಾಗದದ ಎರಡು ಸಾಲನ್ನು ನಿನ್ನನ್ನು ಕೇಳದೆ ಜೂನಿನ ಕಾರ್ಡಿನಲ್ಲಿ ಅಚ್ಚು ಹಾಕಿಸಿದೆ. ನಿನ್ನ ಹೆಸರು, ನಿನ್ನ ಕಂಪನಿ, ಇಪ್ಪತ್ತು ವರ್ಷದ ಅನುಭವ, ಮೊದಲ ಮಳೆಗೆ ನೆಂದ ಮಣ್ಣು, ಎಲ್ಲ. ಅಚ್ಚಾದ ಮೇಲೆ ನಿನಗೆ ತೋರಿಸಿ ಖುಷಿಪಡಿಸೋಣ ಅಂದುಕೊಂಡಿದ್ದೆ.

ಈಗ ನೀನು ಹೇಳು. ಇಪ್ಪತ್ತು ವರ್ಷ ಚಹಾ ಹೀರಿದವಳಿಗೆ ಮುಗ್ಗಲು ಗೊತ್ತಾಗದೇ ಇರುತ್ತದೆಯೇ? ಹೊಲಿಗೆಯಾಕೆಗೂ ಗೊತ್ತಾಗುವಂಥದ್ದು ಅದು. ಬೇಕಂತಲೇ ಹೀಗೆ ಮಾಡಿದೆಯಾ? ನನಗೆ ಮೂಗಿಲ್ಲ ಎಂದು ಲೋಕಕ್ಕೆಲ್ಲ ಇನ್ನೊಮ್ಮೆ ತೋರಿಸಬೇಕಿತ್ತಾ? ಯೋಚಿಸಿ ಯೋಚಿಸಿ ನನಗೆ ಬೇರೆ ಕಾರಣ ಸಿಗುತ್ತಿಲ್ಲ.

ಅಂಚೆ ಡಬ್ಬಿಯವರೆಗೆ ನಡೆದರೆ ಕೋಪ ಇಳಿಯುತ್ತದೆ ಎನ್ನುವುದು ಸುಳ್ಳು. ಎರಡು ಸಲ ಹೋಗಿ ಹಿಂದಕ್ಕೆ ಬಂದಿದ್ದೇನೆ.

—

೩೦ ಜುಲೈ

ಅಕ್ಕನಿಗೆ,

ಉತ್ತರ ಬರಲಿಲ್ಲ. ನಿನ್ನೆ ನನ್ನನ್ನು ಕೆಲಸದಿಂದ ತೆಗೆದರು. ಕೆಟ್ಟ ಚಹಾ ಆರಿಸಿದ್ದಕ್ಕಲ್ಲ, ಅದಕ್ಕೆ ಬೈದು ಬಿಡುತ್ತಿದ್ದರು. ನಿಮ್ಮ ಕಂಪನಿಯಿಂದ ಕಾಗದ ಬಂದಿತ್ತು. ಕಾರ್ಡಿನ ಮೇಲಿರುವ ಮಾತು ತಾನು ಬರೆದದ್ದೇ ಅಲ್ಲ, ತಂಗಿ ತನ್ನ ಹೆಸರಿನಲ್ಲಿ ಸುಳ್ಳು ಸೃಷ್ಟಿಸಿದ್ದಾಳೆ ಎಂದು ನೀನು ಹೇಳಿದ್ದೀಯಂತೆ.

ಮುಖ್ಯಸ್ಥರು ಅದನ್ನು ಗಟ್ಟಿಯಾಗಿ ಓದಿದರು. ವಿಭಾಗದ ಆರು ಜನ ಕೇಳುತ್ತಿದ್ದರು. ನಿನ್ನ ಕಾಗದ ತೆಗೆದು ತೋರಿಸಿದೆ, ಅದನ್ನೂ ನಾನೇ ಬರೆದುಕೊಂಡಿರಬೇಕು ಅಂದರು.

ಹೌದಾ?

—

೨ ಸೆಪ್ಟೆಂಬರ್

ಮೊಂಡಿ,

ಹೌದು.

ಒಂದು ತಿಂಗಳಿಂದ ಈ ಕಾಗದ ಶುರುಮಾಡಿ ಹರಿಯುತ್ತಿದ್ದೇನೆ. ಇವತ್ತು ಪೂರ್ತಿ ಬರೆಯುತ್ತೇನೆ. ನೀನು ಏನಾದರೂ ಅಂದುಕೋ, ಬೇಕಂತಲೇ ಮಾಡಿದೆ ಅಂತ ಮಾತ್ರ ಅಂದುಕೊಳ್ಳಬೇಡ.

ನನಗೆ ವಾಸನೆ ಬರುವುದಿಲ್ಲ. ಹೋದ ವರ್ಷ ನವೆಂಬರಿನಲ್ಲಿ ಎಂಟು ದಿನ ಜ್ವರ ಬಂದಿತ್ತು. ಒಂಬತ್ತನೆಯ ದಿನ ಕೆಲಸಕ್ಕೆ ಹೋದೆ. ನಲವತ್ತು ಬಟ್ಟಲು ಸಾಲಾಗಿ ಇಟ್ಟಿದ್ದರು. ಮೊದಲನೆಯದು ಬಿಸಿನೀರು. ಚಹಾ ಹಾಕುವುದನ್ನು ಮರೆತಿದ್ದಾರೆ ಅಂದುಕೊಂಡು ಎರಡನೆಯದಕ್ಕೆ ಹೋದೆ. ಅದೂ ಬಿಸಿನೀರು. ನಲವತ್ತೂ ಹಾಗೇ. ಕಹಿ, ಒಗರು ನಾಲಿಗೆಗೆ ಸಿಗುತ್ತವೆ. ಉಳಿದದ್ದೆಲ್ಲ ಮೂಗಿನ ಕೆಲಸ, ಅದು ನಿಂತುಹೋಗಿತ್ತು. ಅವತ್ತು ಪಟ್ಟಿಯನ್ನು ಹೇಗೆ ತುಂಬಿದೆನೋ ನನಗೇ ಗೊತ್ತಿಲ್ಲ. ವಾಸನೆ ಮರಳಿ ಬರಬಹುದು, ಬಾರದೆಯೂ ಇರಬಹುದು, ಕಾದು ನೋಡೋಣ ಅಂದರು ವೈದ್ಯರು. ಪ್ರತಿದಿನ ಬೆಳಿಗ್ಗೆ ಸಾಬೂನು, ಲವಂಗ, ಸೀಮೆಎಣ್ಣೆ ಮೂಸಿ ನೋಡುತ್ತೇನೆ. ಮೂರೂ ಒಂದೇ.

ಕೆಲಸ ಹೇಗೆ ನಡೆಸಿದೆ ಎಂದು ಕೇಳುತ್ತೀಯ. ಎಲೆಯ ಬಣ್ಣ ನೋಡಿ ಅರ್ಧ ಹೇಳಬಹುದು. ಯಾರು ಕಳಿಸಿದ್ದು, ಯಾವ ತಿಂಗಳಿನದು ಎಂದು ತಿಳಿದರೆ ಇನ್ನೊಂದಿಷ್ಟು. ಉಳಿದದ್ದಕ್ಕೆ ಎದುರು ಮೇಜಿನ ಹಿರಿಯರಿದ್ದಾರೆ. ಹೀರಿದ ಮೇಲೆ ಅವರು ತಮ್ಮಷ್ಟಕ್ಕೇ ಗೊಣಗುತ್ತಾರೆ. "ಇದೇನಪ್ಪ ಹೊಗೆ", "ಇದು ಪರವಾಗಿಲ್ಲ". ನಾನು ಅವರಿಗಿಂತ ಎರಡು ಬಟ್ಟಲು ಹಿಂದೆ ಇರುತ್ತಿದ್ದೆ. ಹೀಗೆ ಹತ್ತು ತಿಂಗಳು.

ನಿನ್ನ ಲಕೋಟೆಗಳನ್ನು ಪ್ರತಿ ತಿಂಗಳೂ ಮೊದಲು ಒಡೆದು ಓದಿದೆ. ಬರೆದವರು ಯಾರೋ ಚೆನ್ನಾಗಿ ಬರೆಯುತ್ತಾರೆ ಅನ್ನಿಸುತ್ತಿತ್ತು. ಅವರ ಮಾತು ಕದ್ದು ನಿನಗೆ ಕಳಿಸಿದೆ. ಅದು ನಿನ್ನ ಮಾತೇ ಎಂದು ಗೊತ್ತಾದ ದಿನ ಹೇಳಿಬಿಡಬೇಕಿತ್ತು. ನಿನ್ನ ಸಂತೋಷ ನೋಡಿ ಸುಮ್ಮನಾದೆ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಅದಲ್ಲ. ನಿನ್ನ ಮುಂದೆ ಮೂಗಿಲ್ಲದವಳಾಗಿ ನಿಲ್ಲಲು ನನ್ನಿಂದ ಆಗಲಿಲ್ಲ. ಬೇರೆ ಯಾರ ಮುಂದೆಯಾದರೂ ಆಗುತ್ತಿತ್ತೇನೋ.

ಮೇ ತಿಂಗಳ ಪೊಟ್ಟಣದ ವಿಷಯ ಇದಕ್ಕಿಂತ ಕೆಟ್ಟದ್ದು. ಎಲೆ ನೋಡಿದೆ, ಬಣ್ಣ ನೋಡಿದೆ, ಎರಡೂ ಸರಿಯಿದ್ದವು. ನಿನಗೆ ಮೂಗಿಲ್ಲ ಎಂದು ನಾನು ಯಾವಾಗಲೋ ತೀರ್ಮಾನ ಮಾಡಿದ್ದೆನಲ್ಲ, ಆ ಧೈರ್ಯದ ಮೇಲೆ ಬರೆದು ಅಂಚೆಗೆ ಹಾಕಿದೆ. ಮರುದಿನ ಉಳಿದದ್ದನ್ನು ಹೊಲಿಗೆಯಾಕೆಗೆ ಮಾಡಿಕೊಟ್ಟೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು. "ಬೇಜಾರು ಮಾಡ್ಕೋಬೇಡಿ, ಇದ್ಯಾಕೋ ಮುಗ್ಗಲು ವಾಸನೆ," ಅಂದಳು.

ಆಗ ಮೇ ಇಪ್ಪತ್ತೈದು. ನಿನಗೆ ಇನ್ನೂ ಆರು ದಿನ ಇತ್ತು. ಫೋನು ಗೋಡೆಯ ಪಕ್ಕದಲ್ಲೇ ಇತ್ತು. ಮಾಡಿದ್ದರೆ, ನಿನ್ನೆ ಇಲ್ಲದ ವಾಸನೆ ಇವತ್ತು ಹೇಗೆ ಬಂತು ಎಂದು ನೀನು ಕೇಳುತ್ತಿದ್ದೆ. ಆ ಒಂದು ಪ್ರಶ್ನೆಗೆ ಹೆದರಿ ಆರು ದಿನ ಕಳೆದೆ.

ಜುಲೈಯಲ್ಲಿ ಮ್ಯಾನೇಜರು ಕಾರ್ಡು ತಂದು ನನ್ನ ಮುಂದೆ ಇಟ್ಟು, "ಇದು ನಿಮ್ಮ ಮಾತೇನಮ್ಮ?" ಅಂದರು. ಅಲ್ಲ ಎಂದು ಬಾಯಿಗೆ ಬಂತು. ಬಂದ ಮೇಲೆ ಅದನ್ನೇ ಹಿಡಿದುಕೊಂಡೆ. ನಿನ್ನ ಕೆಲಸ ಹೋಗುತ್ತದೆ ಎಂದು ಗೊತ್ತಿರಲಿಲ್ಲ ಎಂದು ಬರೆಯಲು ಹೊರಟೆ. ಗೊತ್ತಿತ್ತು.

ಇದನ್ನೆಲ್ಲ ನಿನ್ನ ಬಿಟ್ಟು ಇನ್ನೊಬ್ಬರಿಗೆ ಹೇಳಿಲ್ಲ.

ಅಕ್ಕ

—

೧೪ ಅಕ್ಟೋಬರ್

ಮೊಂಡಿ,

ನನ್ನ ಕಾಗದಕ್ಕೆ ಉತ್ತರ ಕಾದೆ. ಉತ್ತರ ಬೇರೆ ಕಡೆಯಿಂದ ಬಂತು. ಸೋಮವಾರ ಬೆಳಿಗ್ಗೆ ಮ್ಯಾನೇಜರು ನನ್ನನ್ನು ಕರೆದು ಐದು ಬಟ್ಟಲು ಇಟ್ಟರು. ಹಿರಿಯರನ್ನು ಹೊರಗೆ ಕಳಿಸಿದ್ದರು. ಒಂದರಲ್ಲಿ ಲವಂಗದೆಣ್ಣೆ ಬೆರೆಸಿದ್ದರಂತೆ. ಆಮೇಲೆ ಹೇಳಿದರು. ನಾನು ಹೀರಿ ಉಗುಳಿ, ಐದೂ ಚೆನ್ನಾಗಿವೆ ಅಂದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ. ಈಗ ನಾನು ತೂಕದ ಕೋಣೆಯಲ್ಲಿದ್ದೇನೆ. ಚೀಲ ತೂಗಿ ಚೀಟಿ ಅಂಟಿಸುವ ಕೆಲಸ.

ಮಧ್ಯಾಹ್ನ ಹಿರಿಯರು ಹೇಳಿದರು, ಹೋದ ಗುರುವಾರ ನಿನ್ನ ತಂಗಿ ಬಂದಿದ್ದಳು, ಮ್ಯಾನೇಜರ ಕೋಣೆಯಲ್ಲಿ ಎರಡು ಗಂಟೆ ಇದ್ದಳು, ನಿನ್ನ ಹಾಗೆಯೇ ಕೈ ಕಟ್ಟಿಕೊಂಡು ನಿಲ್ಲುತ್ತಾಳೆ ಎಂದು.

ಗುರುವಾರ ನನಗೆ ರಜೆ ಇತ್ತು. ಮನೆಯಲ್ಲೇ ಇದ್ದೆ. ಕಂಪನಿಯ ಗೇಟಿನಿಂದ ನನ್ನ ಮನೆಗೆ ಹದಿನೈದು ನಿಮಿಷದ ದಾರಿ.

ಅಕ್ಕ

—

೨೫ ಅಕ್ಟೋಬರ್

ಅಕ್ಕ,

ಹೌದು, ಬಂದಿದ್ದೆ. ನಿನ್ನ ಕಾಗದಗಳನ್ನು ತೆಗೆದುಕೊಂಡೇ ಹೋಗಿದ್ದೆ. ನೀನು ಕಾಯಿಲೆಯವಳು, ಮೋಸಗಾತಿಯಲ್ಲ ಎಂದು ಅವರಿಗೆ ತಿಳಿಸಲು ಹೋದೆ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದೆ. ಅವರ ಮುಂದೆ ಕೂತಾಗ ಮೊದಲು ಬಂದ ಮಾತು, "ನಾನು ಸುಳ್ಳು ಸೃಷ್ಟಿ ಮಾಡಿಲ್ಲ ಸಾರ್, ಓದಿ ನೋಡಿ." ಹಾಗಾದರೆ ನಾನು ನನಗೋಸ್ಕರವೇ ಹೋಗಿದ್ದೆ. ಎರಡು ತಿಂಗಳಿಂದ ಎಲ್ಲಿ ಕೆಲಸ ಕೇಳಿದರೂ ಹಳೆಯ ಕಚೇರಿಗೆ ಫೋನ್ ಮಾಡುತ್ತಾರೆ, ಆಮೇಲೆ ನನಗೆ ಮಾಡುವುದಿಲ್ಲ.

ನಿನ್ನ ಮನೆಗೆ ಬರಲಿಲ್ಲ. ಬೀದಿಯ ತುದಿಯ ಔಷಧಿ ಅಂಗಡಿಯವರೆಗೆ ಬಂದೆ. ಮೇಲಿನ ಕಿಟಕಿಯಲ್ಲಿ ನಿನ್ನ ಟವೆಲು ಒಣಗುತ್ತಿತ್ತು. ಕಾಗದ ತೋರಿಸಿದ ಮೇಲೆ ಮುಖ ತೋರಿಸಲು ಆಗಲಿಲ್ಲ.

ಇನ್ನೊಂದು ಹೇಳಬೇಕು. ಆ ಚಂದಾಕ್ಕೆ ನಾನು ಬಿಡಿಗಾಸೂ ಕೊಟ್ಟಿಲ್ಲ. ನೌಕರರಿಗೆ ಒಂದು ಚಂದಾ ಪುಕ್ಕಟೆ. ನಿನ್ನ ಹೆಸರು ಬರೆದದ್ದು ನಿನಗೆ ಏನೋ ಕೊಡಬೇಕೆಂದಲ್ಲ. ನಿನ್ನ ಬಾಯಿಂದ ಒಂದು ಒಳ್ಳೆಯ ಮಾತು ಪಡೆಯಬೇಕೆಂದು. ರಿಬ್ಬನ್ನಿನ ಗಂಟು ಒಂದು ಯಂತ್ರ ಹಾಕುತ್ತದೆ. ನೀನು ಬಾಗಿಲ ಕಡೆ ಕಿವಿ ಇಟ್ಟಿರುತ್ತೇನೆ ಎಂದು ಬರೆದಾಗ ನನಗೆ ನಾಚಿಕೆಯಾಗಿತ್ತು, ಆದರೆ ನಿಲ್ಲಿಸಲಿಲ್ಲ.

ಈಗ ನಿಜವಾದ ವಿಷಯ. ಮ್ಯಾನೇಜರು ನಿನ್ನ ಕಾಗದಗಳನ್ನೆಲ್ಲ ಓದಿ, ಮೇ ತಿಂಗಳದನ್ನು ಎರಡು ಸಲ ಓದಿದರು. "ಗೋಣಿಚೀಲ ಅಂತ ಮೊದಲು ಹೇಳಿದ್ದು ಯಾರು?" ಅಂದರು. ನಾನೇ ಎಂದೆ. ಎದ್ದು ಹೋಗಿ ಎಂಟು ಬಟ್ಟಲು ಇಡಿಸಿದರು. ಆ ಜೂನಿನ ಚಹಾವನ್ನು ಎಲ್ಲಿಂದಲೋ ತರಿಸಿ ಇಟ್ಟುಕೊಂಡಿದ್ದರು, ಬೇರೆ ಚಹಾಕ್ಕೆ ಒಂದೊಂದು ಚಿಟಿಕೆ ಬೆರೆಸಿದ್ದರು. ಮೂರನೆಯದರಲ್ಲಿ ಮತ್ತು ಏಳನೆಯದರಲ್ಲಿ ಇದೆ ಎಂದೆ. ಸರಿಯಾಗಿತ್ತು.

ಅಂದರೆ ನನ್ನ ಮೂಗು ಮೇ ತಿಂಗಳಲ್ಲೂ ಸರಿಯಾಗೇ ಇತ್ತು ಅಕ್ಕ. ನಿನ್ನನ್ನು ಕೇಳಿದ್ದೇ ತಪ್ಪು. ಇದನ್ನು ಬರೆಯುವಾಗ ಖುಷಿಯಾಗಬೇಕಿತ್ತು.

ನಿನ್ನೆ ಅವರ ಕಾಗದ ಬಂದಿದೆ. ಡಿಸೆಂಬರಿನಿಂದ ಬಂದು ಸೇರಿ, ಆರು ತಿಂಗಳು ನೋಡೋಣ ಎಂದು. ಮೇಜು ಯಾವುದು ಎಂದು ಬರೆದಿಲ್ಲ. ಖಾಲಿ ಇರುವುದು ಒಂದೇ ಮೇಜು. ನನಗೆ ಬೇರೆ ಎಲ್ಲೂ ಕೆಲಸವಿಲ್ಲ, ಇರಲಿ ಬಿಡಲಿ, ನನಗೆ ಈ ಕೆಲಸ ಬೇಕು. ನೀನು ಬೇಡ ಎಂದರೆ ಹೋಗುವುದಿಲ್ಲ ಎಂದು ಬರೆಯೋಣ ಅಂದುಕೊಂಡೆ. ಹೋಗುತ್ತೇನೆ. ನೀನು ಏನನ್ನುತ್ತೀಯ ಎಂದು ಮಾತ್ರ ತಿಳಿಯಬೇಕು.

ಮೊಂಡಿ

—

೬ ನವೆಂಬರ್

ಮೊಂಡಿ,

ಹೋಗು.

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ಗಂಟೆಯಾದರೂ ಬಿಟ್ಟು ಮೇಜಿಗೆ ಬಾ. ತಲೆಗೆ ಪರಿಮಳದ ಎಣ್ಣೆ ಬೇಡ. ಕಿಟಕಿಯ ಕಡೆಯಿಂದ ಶುರುಮಾಡು, ಬೆಳಕಿದ್ದಾಗಲೇ ಬಣ್ಣ ನೋಡಿ ಮುಗಿಸು. ಧೈರ್ಯವಾಗಿ ಸದ್ದು ಮಾಡಿ ಹೀರು. ಮರ್ಯಾದೆಯಿಂದ ಹೀರಿದರೆ ಗಾಳಿ ಮೂಗಿಗೆ ಏರುವುದಿಲ್ಲ. ಹನ್ನೊಂದು ವರ್ಷದ ಹಿಂದೆ ನೀನು ನಾಲ್ಕು ತಪ್ಪಿದ್ದು ಅದಕ್ಕೇ. ಅವತ್ತೇ ನನಗೆ ಗೊತ್ತಾಗಿತ್ತು. ಹೇಳಿಕೊಟ್ಟಿದ್ದರೆ ಸರಿಹೋಗುತ್ತಿತ್ತು. ಮನೆಗೊಬ್ಬಳು ಸಾಕು ಅನ್ನಿಸಿತ್ತು.

ಎದುರಿನ ಹಿರಿಯರು ಗೊಣಗಿದರೆ ಕೇಳಿಸಿಕೊಳ್ಳಬೇಡ, ನಿನ್ನ ಪಟ್ಟಿ ನೀನು ತುಂಬು. ಡ್ರಾಯರಿನಲ್ಲಿ ನನ್ನ ಬೆಳ್ಳಿಯ ಚಮಚ ಇರಬಹುದು. ಅದನ್ನು ಬಳಸಬೇಡ, ತೂಕದ ಕೋಣೆಗೆ ಕಳಿಸಿಕೊಡು. ಹೊಸದು ತೆಗೆದುಕೋ.

ಅಕ್ಟೋಬರಿನ ಪೆಟ್ಟಿಗೆಯೂ ಬಂತು, ಯಂತ್ರ ಗಂಟು ಹಾಕಿದ್ದು. ಯಾರೂ ನಿಲ್ಲಿಸಿಲ್ಲ. ಹೊಲಿಗೆಯಾಕೆ ಮಗಳಿಗೆ ಬರೆಸಿದ ಚಂದಾ ಮುಂದುವರಿಸಲೋ ಬೇಡವೋ ಎಂದು ಮತ್ತೆ ಕೇಳಿದಳು. ಈ ಸಲ ಬೇಡ ಅಂದೆ. "ನೀವೇ ಒಂದು ಪೊಟ್ಟಣ ತಗೊಂಡು ಹೋಗಿ, ಮಾಡಿ ಕೊಟ್ಟು, ಎದುರಿಗೆ ಕೂತು ಕುಡಿಯೋದನ್ನ ನೋಡಿ," ಅಂದೆ. ಆಕೆಗೆ ಅರ್ಥವಾಗಲಿಲ್ಲ. ಜನವರಿಯಲ್ಲಿ ನೀನು ಪೆಟ್ಟಿಗೆ ಕಳಿಸುವ ಬದಲು ಇಲ್ಲಿ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದರೆ, ನಾನು ಮೊದಲ ಗುಟುಕು ನುಂಗುವಷ್ಟರಲ್ಲಿ ನಿನಗೆ ಎಲ್ಲ ತಿಳಿಯುತ್ತಿತ್ತು. ನಾನು ಕರೆಯಲೂ ಇಲ್ಲ ಬಿಡು.

ತೂಕದ ಕೋಣೆ ನೆಲಮಹಡಿಯಲ್ಲಿದೆ, ಹಿಂಬಾಗಿಲಿನಿಂದ ಬರುತ್ತೇನೆ. ನೀನು ಮುಂಬಾಗಿಲಿನಿಂದ ಹೋಗು. ಊಟದ ಬಿಡುವು ನಮಗೆ ಹನ್ನೆರಡಕ್ಕೆ, ಮೇಜಿನವರಿಗೆ ಒಂದೂವರೆಗೆ. ಎದುರಾಗಬೇಕಾಗಿಲ್ಲ.

ಸೇರಿದ ಮೇಲೆ ನನಗೆ ಬರೆಯಬೇಡ. ಮೊದಲ ದಿನ ಹೇಗಿತ್ತು ಎಂದು ತಿಳಿಯುವ ಆಸೆ ಇದೆ, ತಿಳಿದ ಮೇಲೆ ತಡೆದುಕೊಳ್ಳುವ ಶಕ್ತಿ ಇಲ್ಲ. ಆ ಶಕ್ತಿ ಬಂದ ದಿನ ನಾನೇ ಬರೆಯುತ್ತೇನೆ. ಬಾರದಿದ್ದರೆ ಇದೇ ಕೊನೆಯದು ಅಂದುಕೋ.

ಅಕ್ಕ